ಬರಿದಾದ ಡಬ್ಬಿಯ ಚರಿತ್ರೆ

ಅರಸರ ಬೊಕ್ಕಸಗಳಿಗೂ ದೇವಾಲಯಗಳ ಭಂಡಾರಗಳಿಗೂ ಚರಿತ್ರೆಯನ್ನು ಬರೆದವರು ಅನೇಕರುಂಟು. ಸಾಮಾನ್ಯರ ಮನೆಯ ಭಂಡಾರವಾದ ತಗಡಿನ ಡಬ್ಬಿಗೂ ಒಂದು ಚರಿತ್ರೆ ಇರಬಹುದೆಂದು ಎಣಿಸುವವರು ವಿರಳ. ಅಟ್ಟದಿಂದ ಇಳಿಸಿದ ಹಳೆಯ ಬಿಸ್ಕತ್ತಿನ ಡಬ್ಬಿಯೊಳಗೆ ಬಿಸ್ಕತ್ತು ಇರುವುದಿಲ್ಲವೆಂಬುದನ್ನು ಕನ್ನಡನಾಡಿನ ಮಕ್ಕಳೆಲ್ಲರೂ ಬಲ್ಲರು. ಪಗಡೆಯ ಕವಡೆ, ಸವೆದ ಕಾಸು, ಹರಿದ ಸರದ ಮಣಿ, ಅಜ್ಜನ ಕನ್ನಡಕ, ದಾರ ಸುತ್ತಿದ ಕಾಗದಗಳ ಕಟ್ಟು, ಇಂತಹವು ಅದರೊಳಗೆ ಸೇರಿರುತ್ತವೆ. ತಿನ್ನುವ ಪದಾರ್ಥಕ್ಕಾಗಿ ಹುಟ್ಟಿದ ಪಾತ್ರೆಯು ಸಂಗ್ರಹದ ಸಂಪುಟವಾಗಿ ಮಾರ್ಪಟ್ಟ ಬಗೆಯನ್ನು ವಿಚಾರಿಸುವುದು ವ್ಯರ್ಥವಾಗಲಾರದು.

ಡಬ್ಬಿಯ ಕಥೆಗೆ ಮೊದಲು ಅದರ ಲೋಹದ ಮಾತು. ಲೋಕದವರು ಅದನ್ನು ತಗಡೆಂದು ಕರೆದುಬಿಡುತ್ತಾರಾದರೂ ಅದು ಎರಡು ಲೋಹಗಳ ಸಂಸಾರ. ಒಳಗಿರುವುದು ತೆಳುವಾದ ಕಬ್ಬಿಣದ, ಈಚೆಗೆ ಉಕ್ಕಿನ, ಹಾಳೆ. ಹೊರಗೆ ಅದನ್ನು ಹೊದೆದಿರುವುದು ತವರ. ತವರಕ್ಕೆ ಸಂಸ್ಕೃತದಲ್ಲಿ ತ್ರಪುವೆಂದು ಹೆಸರು. ಚಮಕದಲ್ಲಿ ಯಜಮಾನನು ಬೇಡಿಕೊಳ್ಳುವ ವಸ್ತುಗಳ ನಡುವೆ ಚಿನ್ನ, ಸೀಸಗಳೊಡನೆ ಇದರ ಹೆಸರೂ ಬರುತ್ತದೆ. ತಾಮ್ರದ ಪಾತ್ರೆಗೆ ಕಲಾಯಿ ಹಾಕುವವನು ಯಾವ ತವರವನ್ನು ಸವರುವನೋ ಅದೇ ತವರವನ್ನು ಕಾಯಿಸಿ ಕರಗಿಸಿ, ಅದರಲ್ಲಿ ಕಬ್ಬಿಣದ ಹಾಳೆಯನ್ನು ಅದ್ದಿ ತೆಗೆದರೆ ಡಬ್ಬಿಯ ತಗಡು ಸಿದ್ಧವಾಗುತ್ತಿತ್ತು. ಈ ಕೆಲಸದಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತ್ಯವು ಬಹುಕಾಲ ಹೆಸರುವಾಸಿಯಾಗಿತ್ತು.

೧೮೨೨ರಲ್ಲಿ ಇಂಗ್ಲೆಂಡಿನ ರೆಡಿಂಗ್ ಪಟ್ಟಣದಲ್ಲಿ ಜೋಸೆಫ್ ಹಂಟ್ಲಿ ಎಂಬವನು ಬಿಸ್ಕತ್ತಿನ ಅಂಗಡಿಯನ್ನು ತೆರೆದನು. ಅಂಗಡಿಯಿದ್ದ ಲಂಡನ್ ಬೀದಿಯು ಕುದುರೆಗಾಡಿಗಳು ನಿಲ್ಲುವ ತಾಣ. ಗಾಡಿಯ ಪ್ರಯಾಣಿಕರು ಕೊಂಡ ಬಿಸ್ಕತ್ತು ಹಾದಿಯ ಕುಲುಕಾಟಕ್ಕೆ ಪುಡಿಯಾಗುವುದು, ಮಳೆಗಾಲದ ತೇವಕ್ಕೆ ಮೆತ್ತಗಾಗುವುದು ಸಹಜವಷ್ಟೆ. ಅದೇ ಬೀದಿಯಲ್ಲಿ ಹಂಟ್ಲಿಯ ಮಗನೊಬ್ಬನು ಕಬ್ಬಿಣದ ಸಾಮಾನಿನ ವ್ಯಾಪಾರವನ್ನು ನಡೆಸುತ್ತಿದ್ದನು. ತಂದೆಯ ಬಿಸ್ಕತ್ತಿಗೆ ಮಗನ ಡಬ್ಬಿ ಒದಗಿತು. ೧೮೪೧ರಲ್ಲಿ ಜಾರ್ಜ್ ಪಾಮರನು ಪಾಲುಗಾರನಾಗಿ ಸೇರಿದ ಮೇಲೆ ವ್ಯಾಪಾರವು ಕಾರ್ಖಾನೆಯಾಗಿ ಬೆಳೆದು, ಆ ಶತಮಾನವು ಮುಗಿಯುವಷ್ಟರಲ್ಲಿ ಐದು ಸಾವಿರ ಜನರಿಗೆ ಕೆಲಸವನ್ನು ಕೊಡುತ್ತಿತ್ತು. ಹಂಟ್ಲಿ ಅಂಡ್ ಪಾಮರ್ಸ್ ಎಂಬ ಹೆಸರು ಹಡಗು ಮುಟ್ಟಿದ ರೇವುಗಳಿಗೆಲ್ಲ ಡಬ್ಬಿಯ ಮೇಲೆಯೇ ಪ್ರಯಾಣ ಮಾಡಿತು.

ಮೊದಲಿನ ಡಬ್ಬಿಗಳಿಗೆ ಕಾಗದದ ಚೀಟಿಯನ್ನು ಅಂಟಿಸುತ್ತಿದ್ದರು. ೧೮೬೮ರಲ್ಲಿ ಈ ಕಂಪೆನಿಯವರು ಲಂಡನ್ನಿನ ಡಿ ಲಾ ರೂ ಮುದ್ರಣಾಲಯದವರಿಂದ ಓವೆನ್ ಜೋನ್ಸ್ ಎಂಬ ಅಲಂಕಾರ ಶಾಸ್ತ್ರಜ್ಞನ ವಿನ್ಯಾಸದಂತೆ ಚಿತ್ರಿತವಾದ ಡಬ್ಬಿಯೊಂದನ್ನು ಮಾಡಿಸಿದರು. ಆದರೆ ತಗಡಿನ ಮೇಲೆ ನೇರವಾಗಿ ಅಚ್ಚೊತ್ತುವುದು ದುಸ್ಸಾಧ್ಯವಾಗಿತ್ತು. ಅಚ್ಚಿನ ಕಲ್ಲೂ ಗಟ್ಟಿ, ತಗಡೂ ಗಟ್ಟಿ. ಗಟ್ಟಿಯ ಮೇಲೆ ಗಟ್ಟಿಯನ್ನು ಒತ್ತಿದರೆ ಮಸಿ ಸರಿಯಾಗಿ ಹತ್ತದು. ೧೮೭೫ರಲ್ಲಿ ರಾಬರ್ಟ್ ಬಾರ್ಕ್ಲೆ ಎಂಬವನು ಇವೆರಡರ ನಡುವೆ ಮೃದುವಾದ ಹೊದಿಕೆಯ ಉರುಳೆಯೊಂದನ್ನಿಟ್ಟು, ಕಲ್ಲಿನ ಚಿತ್ರವನ್ನು ಉರುಳೆಗೂ ಉರುಳೆಯಿಂದ ತಗಡಿಗೂ ದಾಟಿಸುವ ಉಪಾಯಕ್ಕೆ ಹಕ್ಕುಪತ್ರವನ್ನು ಪಡೆದನು. ಮುಂದೆ ೧೯೦೪ರ ಸುಮಾರಿಗೆ ಅಮೆರಿಕದಲ್ಲಿ ಕಾಗದದ ಮೇಲೂ ಈ ಕ್ರಮವನ್ನು ಬಳಸಿದರು. ಆಫ್‌ಸೆಟ್ ಮುದ್ರಣವೆಂದು ಪ್ರಸಿದ್ಧವಾದದ್ದು ಇದೇ. ಪುಸ್ತಕ ಪತ್ರಿಕೆಗಳನ್ನು ಹೊರತರುವ ವಿದ್ಯೆಯು ಬಿಸ್ಕತ್ತಿನ ಡಬ್ಬಿಯ ಮೇಲೆ ಅಭ್ಯಾಸ ಮಾಡಿಕೊಂಡು ಬಂದಿತೆಂಬುದನ್ನು ಸಾಹಿತ್ಯಪ್ರಿಯರು ಮರೆಯಬಾರದು.

ಬಣ್ಣ ಬಂದ ಮೇಲೆ ರೂಪವೂ ಬದಲಾಯಿತು. ೧೯೦೦ರ ಸುಮಾರಿನ ಒಂದು ಡಬ್ಬಿಯು ಎಂಟು ಪುಸ್ತಕಗಳನ್ನು ಸಾಲಾಗಿ ನಿಲ್ಲಿಸಿ ಚರ್ಮದ ಪಟ್ಟಿಯಿಂದ ಬಿಗಿದಂತೆ ಕಾಣುತ್ತದೆ. ತೆರೆದರೆ ಪುಸ್ತಕವಿಲ್ಲ, ಬಿಸ್ಕತ್ತಿಗೆ ಸ್ಥಳ. ಇಷ್ಟೊಂದು ಶ್ರಮವು ಒಂದು ವಾರದಲ್ಲಿ ತಿಂದು ಮುಗಿಸುವ ಪದಾರ್ಥಕ್ಕಾಗಿ ಮಾತ್ರವೆ? ಡಬ್ಬಿಯು ಬರಿದಾದ ಮೇಲೆ ಗೃಹಿಣಿಯು ಅದನ್ನು ಎಸೆಯದೆ ಕಪಾಟಿನ ಮೇಲೆ ಇಟ್ಟುಕೊಳ್ಳುವಳೆಂಬುದು ತಯಾರಕರ ಲೆಕ್ಕಾಚಾರ. ಡಬ್ಬಿಯ ಎರಡನೆಯ ಜನ್ಮವು ಆಕಸ್ಮಿಕವಲ್ಲ, ಮೊದಲನೆಯ ಜನ್ಮದಲ್ಲಿಯೇ ಸಂಕಲ್ಪಿತವಾದುದು. ಗಾಜಿನ ಮುಚ್ಚಳವೂ ಆಗಲೇ ಬಂದಿತ್ತು. ಇಂಗ್ಲೆಂಡಿನ ದಿನಸಿಯ ಅಂಗಡಿಗಾರರು ಬಿಡಿಯಾಗಿ ಮಾರುವ ದೊಡ್ಡ ಚೌಕದ ಡಬ್ಬಿಗಳಿಗೆ ಗಾಜು ಕೂಡಿಸಿದ ಮುಚ್ಚಳವನ್ನು ಹೊಂದಿಸಿ ಸಾಲಾಗಿ ಇಡುತ್ತಿದ್ದರು. ಗಿರಾಕಿಯು ಕಣ್ಣಿನಿಂದ ನೋಡಬಹುದು, ಕೈಹಾಕಲಾಗದು. ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯ ಧರ್ಮವೂ ಇದೇ ಅಲ್ಲವೆ?

ಬರಿಯ ಡಬ್ಬಿಯ ಮಹಿಮೆಯು ತಿಳಿದುದು ಮಾತ್ರ ದೂರದೇಶಗಳಲ್ಲಿ. ಆಫ್ರಿಕಾ ಖಂಡದ ಉಗಾಂಡದಲ್ಲಿ ಗೆದ್ದಲಿನ ಕಾಟವು ನಮ್ಮ ತಾಳೆಯೋಲೆಯ ಕಟ್ಟುಗಳಿಗಿರುವ ಕಾಟಕ್ಕಿಂತ ಕಡಮೆಯದಲ್ಲ. ಪಿಲ್ಕಿಂಗ್ಟನ್ ಎಂಬ ಪಾದ್ರಿಯು ಅಲ್ಲಿಯವರ ನೆರವಿನಿಂದ ಬೈಬಲನ್ನು ಲುಗಾಂಡ ಭಾಷೆಗೆ ತಂದನು. ೧೮೯೬ರಲ್ಲಿ ಅದನ್ನು ಅಚ್ಚು ಹಾಕಿಸುವಾಗ, ಎರಡು ಪೌಂಡಿನ ಬಿಸ್ಕತ್ತಿನ ಡಬ್ಬಿಯೊಳಗೆ ಸರಿಯಾಗಿ ಕೂರುವಂತೆ, ಅಗಲಕ್ಕೆ ಕಿರಿದಾಗಿಯೂ ದಪ್ಪಕ್ಕೆ ಹಿರಿದಾಗಿಯೂ ಗ್ರಂಥದ ಅಳತೆಯನ್ನು ಗೊತ್ತುಮಾಡಿದರು. ಪುಸ್ತಕಕ್ಕೆ ತಕ್ಕ ಪೆಟ್ಟಿಗೆಯನ್ನು ಮಾಡಿಸುವುದು ಲೋಕರೂಢಿ; ಇಲ್ಲಿ ಪೆಟ್ಟಿಗೆಗೆ ತಕ್ಕ ಪುಸ್ತಕವಾಯಿತು.

ಯುದ್ಧಗಳು ಈ ಡಬ್ಬಿಯ ದಾಯಾದಿಗಳನ್ನು ಹೆಚ್ಚಿಸಿದವು. ದಕ್ಷಿಣ ಆಫ್ರಿಕಾದಲ್ಲಿ ಕಾದುತ್ತಿದ್ದ ಸೈನಿಕರಿಗೆ ೧೯೦೦ರ ಹೊಸವರ್ಷದ ಕಾಣಿಕೆಯಾಗಿ ವಿಕ್ಟೋರಿಯಾ ರಾಣಿಯು ಚಾಕೊಲೇಟಿನ ತಗಡಿನ ಡಬ್ಬಿಗಳನ್ನು ಕಳುಹಿಸಿದಳು. ಅದನ್ನು ತಯಾರಿಸಿದ ಮೂರು ಮನೆತನದವರೂ ಯುದ್ಧವನ್ನು ಒಪ್ಪದ ಕ್ವೇಕರ್ ಪಂಥದವರು. ಆದುದರಿಂದ ಲಾಭವನ್ನು ತೆಗೆದುಕೊಳ್ಳಲು ಒಲ್ಲದೆ ಹೋದರು. ಎಷ್ಟೋ ಸೈನಿಕರು ಅದನ್ನು ತಿನ್ನದೆ ಮನೆಗೆ ಕಳುಹಿಸಿ ಕಾಪಾಡಿದರು. ೨೦೨೧ರಲ್ಲಿ ಇಂಗ್ಲೆಂಡಿನ ಆಕ್ಸ್‌ಬರೊ ಹಾಲ್ ಎಂಬ ಹಳೆಯ ಮನೆಯಲ್ಲಿ, ಶಿರಸ್ತ್ರಾಣದ ಪೆಟ್ಟಿಗೆಯೊಳಗೆ, ಅಂತಹ ಡಬ್ಬಿಯೊಂದು ಚಾಕೊಲೇಟಿನ ಸಮೇತ ದೊರೆಯಿತು. ೧೯೧೪ರ ಕ್ರಿಸ್‌ಮಸ್ಸಿಗೆ ರಾಜಪುತ್ರಿ ಮೇರಿಯ ಹೆಸರಿನಲ್ಲಿ ಹಂಚಿದುದು ಹಿತ್ತಾಳೆಯ ಡಬ್ಬಿ: ಉದ್ದ ಐದು ಅಂಗುಲ, ಅಗಲ ಮೂರೂಕಾಲು ಅಂಗುಲ. ಆಂಗ್ಲೇಯ ಸೈನಿಕರಿಗೆ ಹೊಗೆಸೊಪ್ಪು; ಸಿಖ್ಖರಿಗೆ ಹೊಗೆಸೊಪ್ಪು ನಿಷಿದ್ಧವಾದುದರಿಂದ ಕಲ್ಲುಸಕ್ಕರೆ ಮತ್ತು ಸಾಂಬಾರ ಪದಾರ್ಥಗಳು. ಅಂತೂ ಕೊನೆಯ ಲೆಕ್ಕಕ್ಕೆ ಇಪ್ಪತ್ತೈದು ಲಕ್ಷಕ್ಕೂ ಮಿಕ್ಕಿದ ಡಬ್ಬಿಗಳು ಹಂಚಿಹೋದವು. ಒಳಗಿನದು ತೀರಿದ ಮೇಲೆ ಸೈನಿಕರು ಅದರಲ್ಲಿ ಮನೆಯ ಕಾಗದವನ್ನೂ ಭಾವಚಿತ್ರವನ್ನೂ ಇಟ್ಟುಕೊಂಡರು. ಎಷ್ಟೋ ಮನೆಗಳಲ್ಲಿ ತೀರಿಹೋದವನ ಪದಕಗಳು ಆ ಡಬ್ಬಿಯಲ್ಲಿಯೇ ಉಳಿದವು.

ಭಾರತದಲ್ಲಿ ೧೮೮೦ರಲ್ಲಿ ಮಾಂಬಳ್ಳಿ ಬಾಪು ಎಂಬವರು ತಲಚೇರಿಯಲ್ಲಿ ರಾಯಲ್ ಬಿಸ್ಕತ್ತು ಕಾರ್ಖಾನೆಯನ್ನು ತೆರೆದರು. ಈಗ ಬ್ರಿಟಾನಿಯಾ ಎಂದು ಪ್ರಸಿದ್ಧವಾದ ವ್ಯಾಪಾರವು ೧೮೯೨ರಲ್ಲಿ ಕಲ್ಕತ್ತೆಯ ಸಣ್ಣ ಮನೆಯೊಂದರಲ್ಲಿ ೨೯೫ ರೂಪಾಯಿಗಳ ಬಂಡವಾಳದಿಂದ ಆರಂಭವಾಯಿತು. ಆದರೆ ಮಡಿವಂತರ ಮನೆಗಳಲ್ಲಿ ಬಿಸ್ಕತ್ತಿಗೆ ಪ್ರವೇಶವು ಸುಲಭವಾಗಿರಲಿಲ್ಲ. ಯಾರು ಕಲಸಿದರೋ, ಯಾವ ಕೊಬ್ಬನ್ನು ಬೆರೆಸಿದರೋ, ಮೊಟ್ಟೆ ಸೇರಿದೆಯೋ ಎಂಬ ಶಂಕೆ. ಡಬ್ಬಿಯ ವಿಷಯದಲ್ಲಿ ಮಾತ್ರ ಶಾಸ್ತ್ರವು ಉದಾರವಾಗಿತ್ತು. ತಾಮ್ರ, ಕಬ್ಬಿಣ, ಕಂಚು, ಹಿತ್ತಾಳೆ, ತವರ, ಸೀಸಗಳು ಕ್ಷಾರ, ಹುಳಿ, ನೀರುಗಳಿಂದ ಶುದ್ಧವಾಗುವುವೆಂದು ಮನುಸ್ಮೃತಿಯ ಐದನೆಯ ಅಧ್ಯಾಯವು ಹೇಳುತ್ತದೆ. ಬೂದಿ ಹುಣಿಸೆಹಣ್ಣುಗಳಿಂದ ತಿಕ್ಕಿದ ಡಬ್ಬಿಯನ್ನು ಬೇಡವೆನ್ನಲು ಯಾರಿಗೆ ಬಾಯಿ ಬಂದೀತು? ಬಿಸ್ಕತ್ತು ಹೊರಗೇ ನಿಂತಿತು. ಅದು ಬಂದ ವಾಹನವು ಒಳಗೆ ಬಂದು ಗೂಡಿನಲ್ಲಿ ಕುಳಿತಿತು.

ಮುಚ್ಚಿಡುವ ಡಬ್ಬಿಯನ್ನು ತೋರಿಸುವ ಪೆಟ್ಟಿಗೆಯನ್ನಾಗಿ ಮಾಡುವ ಹವ್ಯಾಸವು ನಾಣ್ಯ, ಅಂಚೆಚೀಟಿ, ಬೆಂಕಿಪೆಟ್ಟಿಗೆಯ ಚಿತ್ರ, ಶಂಖ ಕವಡೆಗಳನ್ನು ಕೂಡಿಡುವವರದು. ಮುಚ್ಚಳದ ನಡುವನ್ನು ಚೌಕವಾಗಿ ಕತ್ತರಿಸಿ, ಒಳಗಿನಿಂದ ಗಾಜನ್ನು ಕೂಡಿಸಿ, ತಳಕ್ಕೆ ಬಟ್ಟೆಯನ್ನು ಹಾಸಿ, ರಟ್ಟಿನ ಅಡ್ಡಗೋಡೆಗಳಿಂದ ಮನೆಗಳನ್ನು ಮಾಡಿದರೆ ಕೆಲಸವು ಮುಗಿಯಿತೆಂದು ಅವಸರದವರು ತಿಳಿಯುತ್ತಾರೆ. ತವರದ ಹೊದಿಕೆಯು ಅಖಂಡವಾಗಿರುವವರೆಗೆ ಮಾತ್ರ ಕಬ್ಬಿಣಕ್ಕೆ ರಕ್ಷೆ; ಕತ್ತರಿಯಾಡಿದ ಅಂಚಿನಲ್ಲಿ ಕಬ್ಬಿಣವು ಬತ್ತಲೆಯಾಗಿ, ತೇವ ತಗುಲಿದೊಡನೆ ಮೊದಲಿಗಿಂತ ಬೇಗನೆ ತುಕ್ಕು ಹಿಡಿಯುತ್ತದೆ. ಆದುದರಿಂದ ಅಂಚಿಗೆ ಬೆಸುಗೆಯನ್ನೋ ವಾರ್ನಿಷನ್ನೋ ಬಳಿಯಲೇಬೇಕು. ಉಣ್ಣೆಯ ಬಟ್ಟೆ ಹಾಸಿದರೆ ಅದರ ಗಂಧಕದಿಂದ ಬೆಳ್ಳಿ ಕಪ್ಪಾಗುತ್ತದೆ. ಒಗೆದು ಒಣಗಿಸಿದ ಹತ್ತಿಯ ಬಟ್ಟೆ ಲೇಸು. ಮಲೆನಾಡಿನ ಆಷಾಢದಲ್ಲಿ ಬಿಗಿಯಾಗಿ ಮುಚ್ಚಿದ ಡಬ್ಬಿಯು ಹೊರಗಿನ ತೇವವನ್ನು ತಡೆಯುವಂತೆಯೇ ಒಳಗಿನ ತೇವವನ್ನೂ ಹೊರಗೆ ಬಿಡದು. ಒಣಹವೆಯ ದಿನವೇ ಅದನ್ನು ಮುಚ್ಚುವುದು ಜಾಣತನ.

ಶ್ರೀಮಂತರ ಮರದ ಪೆಟ್ಟಿಗೆಗಿಂತ ಈ ತಗಡೇ ಮೇಲೆನಿಸುವ ಒಂದು ಸಂದರ್ಭವೂ ಉಂಟು. ಯೂರೋಪಿನ ಸಂಗ್ರಹಾಲಯಗಳಲ್ಲಿ ಓಕ್ ಮರದ ಪೆಟ್ಟಿಗೆಗಳಿಂದ ಹೊರಡುವ ಆಮ್ಲದ ಆವಿಗೆ ಸೀಸದ ವಸ್ತುಗಳು ಬಿಳಿಯ ಪುಡಿಯಾಗಿ ಸವೆದವು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ದೊರೆತ ಸಾತವಾಹನ ಕಾಲದ ನಾಣ್ಯಗಳಲ್ಲಿ ಸೀಸದವೂ ಇವೆಯೆಂಬುದನ್ನು ನೆನೆದರೆ ಇದು ನಮಗೂ ಸಂಬಂಧಿಸಿದ ಮಾತು.

ಆದರೆ ತುಕ್ಕಿಗಿಂತಲೂ ಆಮ್ಲಕ್ಕಿಂತಲೂ ಘೋರವಾದ ನಷ್ಟವೊಂದಿದೆ, ಅದು ಚೀಟಿಯಿಲ್ಲದಿರುವುದು. ಟಿಪ್ಪುವಿನ ಆನೆಯ ಕಾಸು ತನ್ನ ಟಂಕಸಾಲೆಯ ಹೆಸರನ್ನು ಮೈಮೇಲೆ ಹೊತ್ತಿರುತ್ತದೆ. ಮೂರನೆಯ ಕೃಷ್ಣರಾಜ ಒಡೆಯರ ಕಾಲದ ಮಯಿಲಿ ಕಾಸಿನ ಮೇಲೆ ಕನ್ನಡದ ಅಕ್ಷರಗಳೇ ಇವೆ. ಮಣಿಗೆ, ಕವಡೆಗೆ, ಮರದ ತುಂಡಿಗೆ ಬಾಯಿಯೆಲ್ಲಿ? ಈಜಿಪ್ಟಿನ ಮಹಾ ಪಿರಮಿಡ್ಡಿನ ರಾಣಿಯ ಕೋಣೆಯೆಂಬಲ್ಲಿ ವೇನ್‌ಮನ್ ಡಿಕ್ಸನ್ ಎಂಬ ಎಂಜಿನಿಯರನು ೧೮೭೨ರಲ್ಲಿ ಮೂರು ವಸ್ತುಗಳನ್ನು ಕಂಡುಹಿಡಿದನು: ಒಂದು ಕಲ್ಲಿನ ಗುಂಡು, ಒಂದು ತಾಮ್ರದ ಕೊಕ್ಕೆ, ಒಂದು ದೇವದಾರು ಜಾತಿಯ ಮರದ ತುಂಡು. ಮೊದಲಿನೆರಡು ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿದವು. ಮರದ ತುಂಡು ಅವನ ಸ್ನೇಹಿತನಾದ ಜೇಮ್ಸ್ ಗ್ರಾಂಟ್ ಎಂಬ ವೈದ್ಯನ ಪಾಲಾಗಿ, ೧೯೪೬ರಲ್ಲಿ ವೈದ್ಯನ ಮಗಳ ಮೂಲಕ ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾನಿಲಯಕ್ಕೆ ಬಂದಿತು. ಬಂದ ಮೇಲೆ ಕಾಣೆಯಾಯಿತು. ಎಲ್ಲಿಯೂ ಹೋಗಿರಲಿಲ್ಲ, ಚುಟ್ಟದ ತಗಡಿನ ಡಬ್ಬಿಯೊಂದರಲ್ಲಿ ಕುಳಿತು, ಏಷ್ಯಾಖಂಡದ ವಸ್ತುಗಳ ನಡುವೆ ಸೇರಿಹೋಗಿತ್ತು. ಅಲ್ಲಿಯೇ ಕೆಲಸಕ್ಕಿದ್ದ, ಈಜಿಪ್ಟಿನಲ್ಲಿ ಹುಟ್ಟಿದ ವಿದುಷಿಯೊಬ್ಬರು ಡಬ್ಬಿಯ ಮೇಲೆ ತಮ್ಮ ದೇಶದ ಹಳೆಯ ಧ್ವಜವನ್ನು ಕಂಡು, ಇದು ಇಲ್ಲಿಯದಲ್ಲವೆಂದು ಶಂಕಿಸಿ ದಾಖಲೆಗಳೊಡನೆ ಹೋಲಿಸಿ ನೋಡಿದರು. ೨೦೨೦ರಲ್ಲಿ ಸುದ್ದಿಯು ಪ್ರಕಟವಾಯಿತು. ಪರೀಕ್ಷೆಯಿಂದ ಆ ಮರವು ಕ್ರಿಸ್ತಪೂರ್ವ ೩೩೪೧ರಿಂದ ೩೦೯೪ರ ನಡುವಿನದೆಂದು, ಎಂದರೆ ಪಿರಮಿಡ್ಡಿಗಿಂತ ಹಳೆಯದೆಂದು ತಿಳಿಯಿತು. ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಕಾಲ ಡಬ್ಬಿಯು ಮರವನ್ನು ಕಾಪಾಡಿತು; ಇದು ಏನೆಂದು ಹೇಳುವ ಒಂದು ತುಂಡು ಕಾಗದವಿದ್ದಿದ್ದರೆ ಹುಡುಕಾಟವೇ ಬೇಕಿರಲಿಲ್ಲ. ಚಿತ್ರವಿಚಿತ್ರವಾದ ಗಾಜಿನ ಮುಚ್ಚಳಗಳನ್ನು ಕೂಡಿಸುವವರು ಅದರ ಒಳಬದಿಗೆ ಎರಡು ಸಾಲನ್ನು ಬರೆದು ಅಂಟಿಸುವುದಕ್ಕೆ ಏಕೆ ಆಲಸ್ಯಪಡುತ್ತಾರೋ ತಿಳಿಯದು. ಎಲ್ಲಿ ದೊರೆಯಿತು, ಯಾರು ಕೊಟ್ಟರು, ಯಾವ ವರ್ಷ, ಇಷ್ಟು ಸಾಕು.

ರೆಡಿಂಗಿನಲ್ಲಿ ಬಿಸ್ಕತ್ತಿನ ತಯಾರಿಕೆಯು ೧೯೭೬ರಲ್ಲಿ ನಿಂತಿತು. ಆ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿಯೂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿಯೂ ಈಗ ಬಿಸ್ಕತ್ತಿನ ಡಬ್ಬಿಗಳೇ ಸಂಗ್ರಹದ ವಸ್ತುಗಳು. ಪ್ರತಿಯೊಂದಕ್ಕೂ ಅದು ತಯಾರಾದ ವರ್ಷವನ್ನು ಬರೆದ ಚೀಟಿಯುಂಟು.