ಭೀಮೆಯ ದಂಡೆ, ದಾಹದ ಚರಿತ್ರೆ

ಕಲಬುರಗಿ, ಯಾದಗಿರಿ ಸೀಮೆಯಲ್ಲಿ ಹರಿದು ಕೃಷ್ಣೆಯನ್ನು ಸೇರುವ ಭೀಮಾ ನದಿ ನಮಗೇನೂ ಹೊಸದಲ್ಲ. ಇದೇ ನದಿಯ ಮೇಲಿನ ಹರಿವಿನಲ್ಲಿ, ಪುಣೆಯ ಹತ್ತಿರ ಕೋರೆಗಾಂವ್ ಎಂಬ ಹಳ್ಳಿಯಿದೆ. ಮರಾಠಾ ಯುದ್ಧಗಳ ಪಾಠದಲ್ಲಿ ಪೇಶ್ವೆ ಸೋತ, ಕಂಪನಿ ಗೆದ್ದಿತು ಅಂತ ಓದಿ ನಾವು ಮುಂದೆ ಹೋಗುತ್ತೇವೆ. ಕಾದವರು ಯಾರು? ಅವರಿಗೆ ದಕ್ಕಿದ್ದೇನು?

1818ರ ಜನವರಿ 1. ಶಿರೂರಿನಿಂದ ಪುಣೆಗೆ ಹೊರಟಿದ್ದ ಕ್ಯಾಪ್ಟನ್ ಸ್ಟಾಂಟನ್‌ನ ಸುಮಾರು 800 ಜನರ ತುಕಡಿ, ಎರಡನೇ ಬಾಜೀರಾಯನ ಭಾರೀ ದಂಡನ್ನು ಕಂಡು ಈ ಊರಿನ ಮಣ್ಣುಗೋಡೆಗಳೊಳಗೆ ಸೇರಿಕೊಂಡಿತು. ಓಣಿ ಓಣಿಯಲ್ಲೂ ಕಾದಾಟ. ನದಿ ಪಕ್ಕದಲ್ಲೇ ಇತ್ತು, ಆದರೆ ಕತ್ತಲಾಗುವ ತನಕ ಸಿಪಾಯಿಗಳಿಗೆ ಗುಟುಕು ನೀರಿಲ್ಲ. ಕೊನೆಗೆ ಪೇಶ್ವೆಯ ದಂಡು ಹಿಂದೆ ಸರಿಯಿತು.

ಕಂಪನಿ ನೆಟ್ಟ ಕಂಬ ಊರೊಳಗಿಲ್ಲ. ಹೊಳೆಯಾಚೆ ಪೆರಣೆಯ ಬದಿಗಿದೆ. ಅದರ ಮೇಲೆ ಸತ್ತ 49 ಸಿಪಾಯಿಗಳ ಹೆಸರು. ಅವುಗಳಲ್ಲಿ 22 ‘ನಾಕ್’ ಅಂತ ಮುಗಿಯುತ್ತವೆ. ಅವು ಮಹಾರರ ಹೆಸರುಗಳು. ಕಂಬ ನಿಂತದ್ದು ಸಾಮ್ರಾಜ್ಯದ ಜಂಬಕ್ಕೆ, ಜಾತಿಯ ಬಿಡುಗಡೆಗಲ್ಲ. ಅದೇ ಬ್ರಿಟಿಷರು 1890ರ ದಶಕದಲ್ಲಿ ಮಹಾರರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿದರು. ರಕ್ತ ಬೇಕಾದಾಗ ವೀರರು, ಬೇಡವಾದಾಗ ಅಸ್ಪೃಶ್ಯರು!

1927ರ ಜನವರಿ 1ರಂದು ಬಾಬಾಸಾಹೇಬರು ಇಲ್ಲಿಗೆ ಬಂದರು. ಎರಡೂವರೆ ತಿಂಗಳ ಮೇಲೆ, ಮಾರ್ಚ್ 20ರಂದು, ಮಹಾಡಿನ ಚವದಾರ ಕೆರೆಯ ನೀರು ಕುಡಿದರು. ಈ ಎರಡು ದಿನಾಂಕಗಳನ್ನು ಒಟ್ಟಿಗಿಟ್ಟು ಓದಬೇಕು. ಯುದ್ಧ ಗೆದ್ದವರ ಮಕ್ಕಳು ಮೊಮ್ಮಕ್ಕಳಿಗೂ ಊರ ಕೆರೆಯ ನೀರು ಸಿಕ್ಕಿರಲಿಲ್ಲ. ಕೋರೆಗಾಂವ್‌ನ ನೆನಪು ಕೊಟ್ಟದ್ದು ಎದೆಗಾರಿಕೆ. ಹಕ್ಕನ್ನು ಮಾತ್ರ ಹೊಸದಾಗಿಯೇ ಹೋರಾಡಿ ಪಡೆಯಬೇಕಾಯಿತು.

2018ರ ಜನವರಿ 1ರಂದು, ಯುದ್ಧದ ಇನ್ನೂರನೇ ವರ್ಷಕ್ಕೆ ಅಲ್ಲಿ ಸೇರಿದವರ ಮೇಲೆ ಹಲ್ಲೆಯಾಯಿತು. ಮಹಾರರು ಪೇಶ್ವೆಗಳ ಜಾತಿ ದಬ್ಬಾಳಿಕೆಯ ವಿರುದ್ಧವೇ ಕಾದರು ಎಂಬುದು ಪುರಾಣ, ಅದು ಜಾತಿಯ ಗುರುತನ್ನೇ ಗಟ್ಟಿಮಾಡುತ್ತದೆ ಅಂತ ಆ ದಿನಗಳಲ್ಲೇ ಬರೆದವರು ಆನಂದ ತೇಲ್ತುಂಬ್ಡೆ. ಆ ಗಲಭೆಗೆ ತಳುಕು ಹಾಕಿದ ಪ್ರಕರಣದಲ್ಲೇ 2020ರಲ್ಲಿ ಅವರ ಬಂಧನವಾಯಿತು. 2022ರಲ್ಲಿ ಜಾಮೀನು ಸಿಕ್ಕಿತು. ಪ್ರಭುತ್ವಕ್ಕೆ ದಲಿತರ ನೆನಪೂ ಬೇಡ, ಆ ನೆನಪಿನ ವಿಮರ್ಶೆಯೂ ಬೇಡ.

ನಮಗೆ ಎರಡೂ ಬೇಕು. ತೇಲ್ತುಂಬ್ಡೆಯವರ ಎಚ್ಚರ ಸರಿಯಾದದ್ದೇ. ಹಾಗಂತ ಲಕ್ಷಾಂತರ ಜನ ಆ 22 ಹೆಸರುಗಳಲ್ಲಿ ತಮ್ಮವರನ್ನು ಕಾಣುವುದು ಸುಳ್ಳಾಗುವುದಿಲ್ಲ. ಕೆತ್ತಿಸಿದವರ ಉದ್ದೇಶವನ್ನು ಮೀರಿ ಕಲ್ಲನ್ನು ಓದುವುದೇ ದಲಿತ ವಿಮರ್ಶೆಯ ಕೆಲಸ. ನಮ್ಮ ಹೊಳೆದಂಡೆಯ ಊರುಗಳ ಶಾಸನ, ದಫ್ತರ, ಹೊಲದ ಹೆಸರುಗಳಲ್ಲೂ ಕೇರಿಯ ಗುರುತು ಹುಡುಕಬೇಕಾಗಿದೆ. ಅದನ್ನು ನಾವೇ ಶುರುಮಾಡಬೇಕು.