ಕಂಚಿಯ ಕಂಬದಲ್ಲಿ ಕನ್ನಡ

ಮಹಾಬಲಿಪುರದ ಹತ್ತಿರ ಟೆಂಟಿನಲ್ಲಿ ರಾತ್ರಿ ಕಳೆದು, ಬೆಳಗ್ಗೆ ಮಕ್ಕಳೊಂದಿಗೆ ಕಂಚಿಯ ಕೈಲಾಸನಾಥ ದೇವಾಲಯಕ್ಕೆ ಹೋದೆವು. ಚೆನ್ನೈನಲ್ಲೇ ಹುಟ್ಟಿದ ಮಗ, ಶಾಲೆಯಲ್ಲಿ ಊರು ಯಾವುದೆಂದರೆ ತಡವರಿಸುತ್ತಾನೆ. ಅವನಿಗೆ ಕಥೆ ಹೇಳಿದೆ: ಸುಮಾರು 642ರಲ್ಲಿ ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಗೆದ್ದ. ನೂರು ವರ್ಷದ ಆಸುಪಾಸಿನಲ್ಲಿ ಚಾಲುಕ್ಯ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ.

"ಸೇಡು ತೀರಿಸಿಕೊಂಡನಾ ಅಪ್ಪಾ?"

"ಇಲ್ಲ ಪುಟ್ಟಾ. ಈ ಗುಡಿಯ ಸಂಪತ್ತನ್ನು ದೋಚದೆ ದೇವರಿಗೇ ಬಿಟ್ಟುಕೊಟ್ಟ. ಹಾಗೆಂದು ಇಲ್ಲೇ ಕಂಬದಲ್ಲಿ ಕನ್ನಡದಲ್ಲಿ ಬರೆಸಿದ."

ಹಳೆಯ ಲಿಪಿ, ನನಗೂ ಓದಲಾಗಲಿಲ್ಲ. ಆ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದಲ್ಲಿ ಈ ಗುಡಿಯದೇ ಛಾಯೆಯಿದೆ ಎಂದೆ.

ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಾ ಕೇಳಿದ: "ಹಾಗಾದರೆ ಎರಡೂ ನಮ್ಮೂರೇನಾ?"

ಹೌದೆಂದೆ. ಮುಂದಿನ ರಜೆಗೆ ಪಟ್ಟದಕಲ್ಲು.