ಮಿಲಾಗ್ರ್

ನಮ್ಮ ಅಮ್ಮನ ಬಾಯಲ್ಲಿ ದಿನಕ್ಕೊಮ್ಮೆಯಾದರೂ ಬರುತ್ತಿದ್ದ ಮಾತು ಇದು. ನಲ್ಲಿಯಲ್ಲಿ ನೀರು ಹೇಳಿದ ಹೊತ್ತಿಗೇ ಬಂದರೆ ‘ಮಿಲಾಗ್ರ್’. ಆಷಾಢದ ಮಳೆಯಲ್ಲಿ ನೆಂದ ಸೌದೆ ಮೊದಲ ಕಡ್ಡಿಗೇ ಹೊತ್ತಿಕೊಂಡರೆ ‘ಮಿಲಾಗ್ರ್’. ಗಲ್ಫಿನಲ್ಲಿದ್ದ ಅಪ್ಪನ ಕಾಗದ ಶಾಲೆಯ ಫೀಸು ಕಟ್ಟುವ ದಿನವೇ ಕೈಸೇರಿದರೆ, ಎರಡು ಸಲ ‘ಮಿಲಾಗ್ರ್, ಮಿಲಾಗ್ರ್’ ಎಂದು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅದರ ಅರ್ಥ ಪವಾಡ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಅಲ್ಲಿಯವರೆಗೆ ಅದು ನನ್ನ ಪಾಲಿಗೆ ನಮ್ಮ ಮನೆಯ ನಿಟ್ಟುಸಿರಿನ ಹೆಸರಾಗಿತ್ತು.

ಮಂಗಳೂರಿನವರಿಗೆ ಅದು ಒಂದು ಜಾಗವೂ ಹೌದು. ಹಂಪನಕಟ್ಟೆಯ ಬಳಿ ಮಿಲಾಗ್ರಿಸ್ ಇಗರ್ಜಿ ಇದೆ, ಅದರ ಪಕ್ಕದಲ್ಲಿ ಶಾಲೆ, ಮದುವೆ ನಡೆಯುವ ಹಾಲ್. ‘ಮಿಲಾಗ್ರಿಸ್ ಹತ್ತಿರ ಸಿಗು’ ಎನ್ನುವವರು ತುಳು ಮಾತಾಡುವವರು, ಬ್ಯಾರಿ ಮಾತಾಡುವವರು, ಯಾರೂ ಆಗಿರಬಹುದು. ಉಡುಪಿಯ ಹತ್ತಿರ ಕಲ್ಯಾಣಪುರದಲ್ಲೂ ಇದೇ ಹೆಸರಿನ ಇಗರ್ಜಿ ಇದೆ, 1678ರದ್ದು. 2012ರಲ್ಲಿ ಉಡುಪಿ ಧರ್ಮಪ್ರಾಂತ ಹುಟ್ಟಿದಾಗ ಅದೇ ಕೆಥೆಡ್ರಲ್ ಆಯಿತು. ಮಂಗಳೂರಿನದನ್ನು 1680ರಲ್ಲಿ ಕಟ್ಟಿಸಿದವರು ಬಿಷಪ್ ತೊಮಾಸ್ ದೆ ಕಾಸ್ತ್ರೊ, ಗೋವಾದ ದಿವಾಡಿ ದ್ವೀಪದವರು. ಪದ ನಮ್ಮ ಊರಿಗೆ ಬಂದದ್ದು ಹಾಗೆ: ಗೋವಾದಿಂದ ಗಂಟುಮೂಟೆ ಹೊತ್ತು ತೆಂಕಣಕ್ಕೆ ಬಂದವರ ಜೊತೆ, ಅವರ ಕೊಂಕಣಿಯ ಒಳಗೆ ಕೂತುಕೊಂಡು.

ಹುಟ್ಟೂರು ಇನ್ನೂ ದೂರ. ಲ್ಯಾಟಿನ್ನಿನ ‘ಮಿರಾಕುಲುಮ್’ ಪೋರ್ಚುಗೀಸರ ಬಾಯಲ್ಲಿ ‘ಮಿಲಾಗ್ರೆ’ ಆಯಿತು. ರಕಾರ ಇದ್ದಲ್ಲಿ ಲಕಾರ, ಲಕಾರ ಇದ್ದಲ್ಲಿ ರಕಾರ. ನಮ್ಮ ಶಾಲೆಯ ಮಕ್ಕಳ ಬಾಯಲ್ಲಿ ಡೆಸ್ಕ್ ಹೋಗಿ ಡೆಕ್ಸ್ ಆದ ಹಾಗೆ ಎರಡೂ ಜಾಗ ಬದಲಾಯಿಸಿಕೊಂಡವು. ಕೊಂಕಣಿ ಕೊನೆಯ ಸ್ವರವನ್ನು ನುಂಗಿತು. ಕನ್ನಡಕ್ಕೆ ಬರುವಾಗ ಪೋರ್ಚುಗೀಸಿನ ಬಹುವಚನದ ಸಕಾರವೇ ಗಟ್ಟಿಯಾಗಿ ಉಳಿದು ‘ಮಿಲಾಗ್ರಿಸ್’ ಆಯಿತು. ಹೀಗೆ ಬಹುವಚನದಲ್ಲಿ ಉಳಿದದ್ದು ನನಗೆ ಇಷ್ಟ. ನಮ್ಮ ಅಮ್ಮನ ಲೆಕ್ಕಕ್ಕೆ ಒಂದೇ ಒಂದು ದೊಡ್ಡ ಪವಾಡ ಸಾಲುತ್ತಿರಲಿಲ್ಲ, ದಿನಕ್ಕೊಂದರಂತೆ ಬೇಕಿತ್ತು.

ಆ ಹೆಸರು ಹೊತ್ತ ಇಗರ್ಜಿಯನ್ನು 1784ರಲ್ಲಿ ಯಾವ ಪವಾಡವೂ ಕಾಪಾಡಲಿಲ್ಲ. ಟಿಪ್ಪುವಿನ ಆಜ್ಞೆಯಂತೆ ಅದನ್ನು ಕೆಡವಿದರು, ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ದಾರಿಯಲ್ಲಿ ಸತ್ತವರು, ಸೆರೆಯಲ್ಲಿ ಸತ್ತವರು ಬಹಳ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಉಳಿದವರು ಘಟ್ಟ ಇಳಿದು ಊರಿಗೆ ಬಂದರು. ಕೆಡವಿದ ಇಗರ್ಜಿಯನ್ನು ಮತ್ತೆ ಕಟ್ಟುವಾಗ ಬೇರೆ ಹೆಸರಿಡಬಹುದಿತ್ತಲ್ಲ? ಹದಿನೈದು ವರ್ಷ ಪವಾಡಕ್ಕಾಗಿ ಕಾದು ಕಣ್ಣು ಬತ್ತಿಹೋದವರು ಆ ಪದದ ಮೇಲೆ ಮುನಿಸಿಕೊಂಡಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಅವರು ಅದೇ ಹೆಸರಿಟ್ಟರು. ಆ ಹೊತ್ತಿಗೆ ಆ ಪದಕ್ಕೆ ನಿಘಂಟಿನಲ್ಲಿಲ್ಲದ ಅರ್ಥವೊಂದು ಸೇರಿತ್ತು ಎಂದು ನನ್ನ ಎಣಿಕೆ.

ಆ ಅರ್ಥ ಏನು ಎನ್ನುವುದನ್ನು ನಾನು ಹುಡುಕಿಕೊಂಡು ಹೋಗಲಿಲ್ಲ. ಹರಕೆಯೊಂದನ್ನು ತೀರಿಸಲು ಹೋದಾಗ ಅದು ಎದುರಾಯಿತು. ಅಮ್ಮ ಸಾಯುವ ಮುಂಚೆ ಒಂದು ‘ಆಂಗವಣ್’ ಬಾಕಿ ಇಟ್ಟಿದ್ದಳು. ಹರಕೆಗೆ ನಮ್ಮ ಕೊಂಕಣಿಯ ಮಾತು ಅದು. ಮಾಪುಸಾದ ಮಿಲಾಗ್ರ್ ಸಾಯ್ಬಿಣಿಗೆ ಒಂದು ಕುಪ್ಪಿ ತೆಂಗಿನೆಣ್ಣೆ, ಮೇಣದ ಒಂದು ಕೈ. ಹೀಗಾಗಿ 2024ರ ಏಪ್ರಿಲ್ 15ರಂದು ನಾನು ಉತ್ತರ ಗೋವಾದ ಆ ಪೇಟೆಯ ಸಾಲಿನಲ್ಲಿ ಎಣ್ಣೆ ಕುಪ್ಪಿ ಹಿಡಿದು ನಿಂತಿದ್ದೆ.

ಈಸ್ಟರ್ ಕಳೆದು ಎರಡು ವಾರಕ್ಕೆ ಬರುವ ಸೋಮವಾರ ಅಲ್ಲಿ ಫೆಸ್ತ್. 1594ರ ಆ ಇಗರ್ಜಿ ದಾಖಲೆಯಲ್ಲಿ ಸಂತ ಜೆರೋಮನದು. ಜನ ಮಾತ್ರ ಅದನ್ನು ಮಿಲಾಗ್ರ್ ಸಾಯ್ಬಿಣಿಯದು ಎಂದೇ ಕರೆಯುತ್ತಾರೆ. ಸಾಯ್ಬ್ ಎಂದರೆ ಒಡೆಯ, ನಮ್ಮ ಸಾಹೇಬನೇ. ಗೋವಾದವರು ಸಂತ ಫ್ರಾನ್ಸಿಸ್ ಕ್ಸೇವಿಯರನನ್ನು ‘ಗೊಂಯ್ಚೊ ಸಾಯ್ಬ್’ ಅನ್ನುತ್ತಾರೆ. ಸಾಯ್ಬಿಣ್ ಎಂದರೆ ಒಡತಿ, ಮರಿಯಮ್ಮ. ಆವತ್ತಿನ ಸಾಲಿನಲ್ಲಿ ಶಿಲುಬೆಯ ಸರ ಹಾಕಿಕೊಂಡವರ ಹಿಂದೆ ಕುಂಕುಮ ಇಟ್ಟವರು, ಅವರ ಹಿಂದೆ ತಲೆತುಂಬ ಮಲ್ಲಿಗೆ ಮುಡಿದವರು.

ಹಿಂದೂಗಳು ಅಲ್ಲಿಗೆ ಬರುವುದು ನೆಂಟಸ್ತಿಕೆಯಿಂದ. ದೇವಿಯರು ಏಳು ಮಂದಿ ಅಕ್ಕತಂಗಿಯರು ಎನ್ನುತ್ತದೆ ಅಲ್ಲಿನ ಕತೆ. ಶಿರಗಾಂವ್‌ನ ಲೈರಾಯಿ, ಮುಳಗಾಂವ್‌ನ ಕೇಳಬಾಯಿ, ಮಯೆಂ ಊರಿನ ಮಹಾಮಾಯಾ, ಮೊರ್ಜಿಯ ಮೊರ್ಜಾಯಿ, ಹೀಗೆ. ಅವರಲ್ಲಿ ಮೀರಾಬಾಯಿ ಎಂಬವಳು ಮಾಪುಸಾದಲ್ಲಿ ನಿಂತಳು, ಅವಳೇ ಮಿಲಾಗ್ರ್ ಸಾಯ್ಬಿಣ್ ಆದಳು. ಅಕ್ಕ ಲೈರಾಯಿಯ ಕಡೆಯಿಂದ ಈ ತಂಗಿಗೆ ಮಲ್ಲಿಗೆ, ತಂಗಿಯ ಕಡೆಯಿಂದ ಅಕ್ಕನಿಗೆ ಎಣ್ಣೆ ಹೋಗುವ ವಾಡಿಕೆಯನ್ನು ಅಲ್ಲಿನವರು ಮನೆಯ ಸುದ್ದಿ ಹೇಳುವಂತೆ ಹೇಳುತ್ತಾರೆ.

ಈ ಕತೆಯ ಹಿಂದೆ ಒಂದು ಗಾಯ ಇದೆ, ಅದನ್ನು ಕ್ರೈಸ್ತಳಾಗಿ ನಾನು ಮುಚ್ಚಿಡಲಾರೆ. 16ನೆಯ ಶತಮಾನದಲ್ಲಿ ಪೋರ್ಚುಗೀಸರ ಆಳ್ವಿಕೆಗೆ ಸಿಕ್ಕ, ಮಾಪುಸಾ ಇರುವ ಬಾರ್ದೇಸ್ ಸೀಮೆಯಲ್ಲಿ ಗುಡಿಗಳನ್ನು ಕೆಡವಿದರು. ದೇವರುಗಳನ್ನು ಜನ ಪೋರ್ಚುಗೀಸರ ಕೈಗೆ ಇನ್ನೂ ಸಿಗದಿದ್ದ ಆಚೆಯ ಸೀಮೆಗಳಿಗೆ ಹೊತ್ತುಕೊಂಡು ಹೋದರು. ಒಂದೇ ಮನೆತನದವರಲ್ಲಿ ಕೆಲವರು ದೀಕ್ಷಾಸ್ನಾನ ಪಡೆದು ಉಳಿದರು, ಕೆಲವರು ದೇವರ ಜೊತೆ ಊರು ಬಿಟ್ಟರು. ಹಾಗೆ ಸೀಳಿದ ಬದುಕಿನ ಮೇಲೆ ಸಾಮಾನ್ಯ ಜನ ಹಾಕಿದ ಹೊಲಿಗೆ ಈ ಏಳು ಅಕ್ಕತಂಗಿಯರ ಕತೆ. ಬೇರೆ ಬೇರೆ ಮನೆ ಸೇರಿದರೂ ಹುಟ್ಟಿದ್ದು ಒಂದೇ ತಾಯಿಗೆ ಎಂದರು, ವರ್ಷಕ್ಕೊಮ್ಮೆ ಹೂವು ಕೊಟ್ಟರು, ಎಣ್ಣೆ ತೆಗೆದುಕೊಂಡರು. ಧರ್ಮಶಾಸ್ತ್ರ ಬಲ್ಲವರು ಇದನ್ನು ಒಪ್ಪುತ್ತಾರೋ ಇಲ್ಲವೋ, ಆತ್ಮದ ಗಾಯ ಮಾಯುವುದು ಅಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಆ ಎಣ್ಣೆ ಮತ್ತು ಮಲ್ಲಿಗೆಯ ವಿಷಯವನ್ನೇ.

ಪದಗಳಲ್ಲೂ ಇಂಥದೇ ಒಂದು ನೆಂಟಸ್ತಿಕೆ ಇದೆ. ಲ್ಯಾಟಿನ್ನಿನ ಮಿರಾಕುಲುಮ್ ಹುಟ್ಟಿದ್ದು ಬೆರಗಾಗು ಎಂಬ ಅರ್ಥದ ಧಾತುವಿನಿಂದ. ಅದರ ಇನ್ನೂ ಹಿಂದಿನ ಬೇರಿಗೆ ಮುಗುಳ್ನಗು ಎಂದು ಅರ್ಥ. ಅದೇ ಬೇರಿನ ಇನ್ನೊಂದು ಕವಲು ಸಂಸ್ಕೃತದ ‘ಸ್ಮಿ’: ನಮ್ಮ ಸ್ಮಿತ, ಸಸ್ಮಿತ, ವಿಸ್ಮಯ ಎಲ್ಲ ಅದರ ಮಕ್ಕಳು. ಮಿಲಾಗ್ರಿಸ್ ಮತ್ತು ವಿಸ್ಮಯ ಒಂದೇ ಬೇರಿನವು. ಒಬ್ಬಳು ಪಡುವಣ ಸಮುದ್ರ ಸುತ್ತಿ, ವೇಷ ಬದಲಿಸಿ, ಅಕ್ಷರ ಅದಲುಬದಲು ಮಾಡಿಕೊಂಡು ಹಡಗಿನಲ್ಲಿ ಬಂದಳು. ಇನ್ನೊಬ್ಬಳು ಇಲ್ಲೇ ಇದ್ದಳು. ಗುರುತು ಸಿಗಲಿಲ್ಲ ಅಷ್ಟೆ. ಇದು ತಿಳಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ನಲ್ಲಿಯಲ್ಲಿ ನೀರು ಬಂದಾಗ ಅಮ್ಮನ ಮುಖದಲ್ಲಿ ಕಾಣುತ್ತಿದ್ದದ್ದು ಆ ಬೇರಿನ ಅರ್ಥವೇ, ಮುಗುಳ್ನಗು.

ಮಾಪುಸಾದ ಇಗರ್ಜಿಯ ಸಂತ ಜೆರೋಮನ ಬಗ್ಗೆಯೂ ಒಂದು ಮಾತು ಹೇಳಬೇಕು. ಅವನು ಬೈಬಲನ್ನು ಲ್ಯಾಟಿನ್ನಿಗೆ ತಂದವನು. ಯೋಹಾನನ ಸುವಾರ್ತೆಯಲ್ಲಿ ಯೇಸುವಿನ ಅದ್ಭುತಗಳ ಪ್ರಸ್ತಾಪ ಬಂದಾಗ ಅವನ ಲ್ಯಾಟಿನ್ನಿನಲ್ಲಿರುವುದು ಮಿರಾಕುಲುಮ್ ಅಲ್ಲ, ‘ಸಿಗ್ನುಮ್’, ಅಂದರೆ ಗುರುತು. ಗ್ರೀಕ್ ಮೂಲದಲ್ಲೂ ಹಾಗೆಯೇ. ನಮ್ಮ ಕನ್ನಡ ಬೈಬಲ್ಲಿನವರೂ ಅದನ್ನು ಸರಿಯಾಗಿ ಹಿಡಿದು ‘ಸೂಚಕಕಾರ್ಯ’ ಎಂದರು. ಆ ಸುವಾರ್ತೆಯ ಮೊದಲ ಸೂಚಕಕಾರ್ಯ ನಡೆದದ್ದು ಕಾನಾ ಊರಿನ ಮದುವೆ ಮನೆಯಲ್ಲಿ. ಕುರುಡನಿಗೆ ಕಣ್ಣು ಬಂದದ್ದಲ್ಲ, ಸತ್ತವನು ಎದ್ದದ್ದಲ್ಲ. ಊಟದ ನಡುವೆ ದ್ರಾಕ್ಷಾರಸ ಮುಗಿದುಹೋಯಿತು, ಅಷ್ಟೆ. ಬಡವರ ಮನೆಯ ಮದುವೆಯಲ್ಲಿ ಮೂರನೇ ಪಂಕ್ತಿಗೆ ಸಾರು ಸಾಲದೇ ಹೋದರೆ ಹೆಣ್ಣಿನ ತಂದೆಯ ಮುಖ ಹೇಗಾಗುತ್ತದೆ ಎಂದು ಗೊತ್ತಿದ್ದವರಿಗೆ ಅದು ಎಂಥ ಸಂಕಟ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅದನ್ನು ಮೊದಲು ಗಮನಿಸಿದವಳು ಮರಿಯಮ್ಮ. ಅಡುಗೆಮನೆ ಕಡೆ ಕಣ್ಣಿದ್ದವಳು ಅವಳೊಬ್ಬಳೇ.

ಮಾಪುಸಾದ ಶುಕ್ರವಾರದ ಸಂತೆಯಲ್ಲಿ ಕನ್ನಡ ಕಿವಿಗೆ ಬೀಳದೇ ಇರುವುದಿಲ್ಲ. ಬಾಗಲಕೋಟೆ, ವಿಜಯಪುರ, ಗದಗ ಕಡೆಯಿಂದ ಬಂದವರು ತರಕಾರಿ ಮಾರುತ್ತಾರೆ, ಗಾರೆ ಕೆಲಸ ಮಾಡುತ್ತಾರೆ. ಫೆಸ್ತಿನ ದಿನ ಇಗರ್ಜಿಯ ದಾರಿಯಲ್ಲಿ ಖಾಜೆಂ ಮಿಠಾಯಿ, ಮರದ ಸಾಮಾನು ಮಾರುವವರ ನಡುವೆ ಒಬ್ಬಾಕೆ ನೆಲದ ಮೇಲೆ ಚೀಲ ಹಾಸಿ ಮೇಣದಬತ್ತಿ, ಮಲ್ಲಿಗೆ ಇಟ್ಟುಕೊಂಡು ಕೂತಿದ್ದಳು. ‘ಎಷ್ಟು’ ಎಂದು ನಾನು ಕೊಂಕಣಿಯಲ್ಲಿ ಕೇಳಿದ್ದಕ್ಕೆ ಅವಳು ಪಕ್ಕದ ಹುಡುಗನಿಗೆ ‘ಚಿಲ್ರಿ ಐತೇನೋ ನೋಡೋ’ ಎಂದಳು. ನಾನು ಕನ್ನಡಕ್ಕೆ ಹೊರಳಿದೆ. ಅವಳ ಮುಖ ಅರಳಿತು.

‘ಆ ತಾಯಿ ಯಾರಂತ ಗೊತ್ತೈತೇನ್ರೀ ನಿಮಗ?’ ಎಂದು ಕೇಳಿದೆ.

‘ಗೊತ್ತಿಲ್ದೇನ್ರಿ ಅಕ್ಕಾರ. ಮಿಲಾಗ್ರವ್ವ.’

ಎಲ್ಲವ್ವ, ದ್ಯಾಮವ್ವ, ಮಿಲಾಗ್ರವ್ವ. ಲ್ಯಾಟಿನ್ನಿನಿಂದ ಹೊರಟ ಪದ ಮಲಪ್ರಭೆಯ ದಡದ ಹೆಂಗಸಿನ ಬಾಯಿಗೆ ಬರುವಷ್ಟರಲ್ಲಿ ಒಬ್ಬ ಅವ್ವ ಆಗಿತ್ತು. ಏನು ಬೇಡಿಕೊಂಡೆ ಎಂದು ಕೇಳಿದೆ. ಮೊಣಕಾಲು ನೋವಿತ್ತಂತೆ, ಹೋದ ವರ್ಷ ಎಣ್ಣೆ ಕೊಟ್ಟಿದ್ದಳಂತೆ.

‘ಹೋತೇನ್ರೀ ನೋವು?’

‘ನೋವೆಲ್ಲಿ ಹೊಕ್ಕೈತ್ರಿ, ಹಂಗ ಐತಿ. ಆದ್ರ ಮುಂಜಾನೆದ್ದು ಬುಟ್ಟಿ ಹೊರಾಕ ಧೈರ್ಯ ಬಂದೈತ್ರಿ. ಈ ಊರ ಮಂದಿ ನಮಗ ಘಾಟಿ ಅಂತಾರ್ರಿ. ಆಕಿ ಹಂಗ ಅನ್ನಂಗಿಲ್ರಿ.’

ಘಾಟಿ ಎಂದರೆ ಘಟ್ಟದವರು ಎಂದಷ್ಟೇ. ಆದರೆ ಗೋವಾದಲ್ಲಿ ಅದನ್ನು ಹೇಳುವ ದನಿಯಲ್ಲಿ ಚುಚ್ಚು ಇರುತ್ತದೆ. ಒಂದು ಪದ ಮನುಷ್ಯನನ್ನು ಕುಗ್ಗಿಸುವುದನ್ನೂ ಇನ್ನೊಂದು ಪದ ಅದೇ ಮನುಷ್ಯನ ಬೆನ್ನು ನೆಟ್ಟಗಾಗಿಸುವುದನ್ನೂ ನಾನು ಒಂದೇ ಮಾತಿನಲ್ಲಿ ಕೇಳಿದೆ. ನೋವು ಹೋಗಿಲ್ಲ, ಆದರೆ ಬುಟ್ಟಿ ಹೊರುವ ಧೈರ್ಯ ಬಂದಿದೆ. ಶ್ರೀರಂಗಪಟ್ಟಣದಿಂದ ಮರಳಿ ಬಂದವರು ಅದೇ ಹೆಸರನ್ನು ಮತ್ತೆ ಇಟ್ಟಾಗ ಅವರ ಮನಸ್ಸಿನಲ್ಲಿದ್ದ ಅರ್ಥವೂ ಇದೇ ಇರಬೇಕು.

ಬಲಗೈಗೆ ಲಕ್ವ ಹೊಡೆದ ಮೇಲೆ ಅಮ್ಮ ನಾಲ್ಕು ವರ್ಷ ಬದುಕಿದ್ದಳು. ನೋಡಲು ಬಂದವರೊಬ್ಬರು, ಬಹಳ ಪ್ರಾರ್ಥನೆ ಮಾಡುವವರೇ, ‘ವಿಶ್ವಾಸ ಸಾಲದು, ಅದಕ್ಕೇ ಗುಣ ಆಗುತ್ತಿಲ್ಲ’ ಎಂದು ಅವಳ ಮಂಚದ ಪಕ್ಕದಲ್ಲೇ ಹೇಳಿಹೋದರು. ಇಂಥ ಮಾತನ್ನು ಯಾವ ರೋಗಿಯ ಮುಂದೂ ಯಾರೂ ಆಡಬಾರದು. ಸಂತ ಪೌಲನೇ ತನ್ನ ಮೈಯಲ್ಲಿ ನೆಟ್ಟ ಶೂಲವನ್ನು ತೆಗೆ ಎಂದು ಮೂರು ಸಲ ಬೇಡಿಕೊಂಡ, ಅದು ಹೋಗಲಿಲ್ಲ. ಅವನು ಅದನ್ನು ತಾನೇ ಕೊರಿಂಥದವರಿಗೆ ಬರೆದು ತಿಳಿಸಿದ. ಪೌಲನ ವಿಶ್ವಾಸವನ್ನು ಯಾರು ಅಳೆಯುತ್ತಾರೆ? ಕನ್ನಡ ಕ್ರೈಸ್ತರು ಗುಣವಾಗುವುದಕ್ಕೆ ‘ಸ್ವಸ್ಥತೆ’ ಎನ್ನುತ್ತಾರೆ. ಆ ಪದವನ್ನು ಬಿಡಿಸಿ ನೋಡಿದರೆ ಅದರಲ್ಲಿ ರೋಗದ ಮಾತೇ ಇಲ್ಲ. ಸ್ವ, ಸ್ಥ. ತನ್ನಲ್ಲಿ ತಾನು ನೆಲೆಯಾಗಿ ನಿಲ್ಲುವುದು.

ಆ ಮಾತು ಕೇಳಿದ ಮೇಲೆ ಅಮ್ಮ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಸಂಜೆ ತೇರ್ಸಿನ ಹೊತ್ತಿಗೆ, ಜಪಸರ ಹಿಡಿಯುವ ಮೊದಲು, ನನ್ನನ್ನು ಕರೆದು ಕೇಳಿದಳು: ‘ಬಾಯೆ, ಎಡಗೈಯಲ್ಲಿ ಶಿಲುಬೆ ಗುರುತು ಮಾಡಿದರೆ ದೇವರಿಗೆ ನಡೆಯುತ್ತದೆಯಾ?’ ಅಲ್ಲಿಯವರೆಗೆ ಸತ್ತ ಬಲಗೈಯನ್ನು ಎಡಗೈಯಿಂದ ಎತ್ತಿ ಹಣೆಗೆ ಮುಟ್ಟಿಸಲು ಹೆಣಗಾಡುತ್ತಿದ್ದಳಂತೆ, ನಾವ್ಯಾರೂ ನೋಡಿರಲಿಲ್ಲ. ನಡೆಯುತ್ತದೆ ಎಂದೆ. ಹಣೆ, ಎದೆ, ಒಂದು ಭುಜ, ಇನ್ನೊಂದು ಭುಜ. ನಿಧಾನವಾಗಿ ಮಾಡಿದಳು, ದಿಕ್ಕು ಸ್ವಲ್ಪ ತಪ್ಪಿತು, ಮತ್ತೆ ಮಾಡಿದಳು. ಮುಗಿದ ಮೇಲೆ ತನ್ನ ಎಡಗೈಯನ್ನೇ ನೋಡಿಕೊಂಡು ‘ಮಿಲಾಗ್ರ್’ ಎಂದಳು. ಮಾಪುಸಾದ ಹರಕೆ ಹೊತ್ತದ್ದು ಅದೇ ರಾತ್ರಿ.

2025ರ ಮೇ 3ರ ನಸುಕಿನಲ್ಲಿ ಶಿರಗಾಂವ್‌ನ ಲೈರಾಯಿ ಜಾತ್ರೆಯಲ್ಲಿ ನೂಕುನುಗ್ಗಲಾಗಿ ಹಲವರು ಜೀವ ಕಳೆದುಕೊಂಡರು. ಮಾಪುಸಾದಲ್ಲಿ ತಂಗಿಯ ಫೆಸ್ತ್ ಎರಡೇ ದಿನಕ್ಕೆ, ಮೇ 5ರ ಸೋಮವಾರ. ಸುದ್ದಿ ಓದಿ ನನಗೆ ಮೊದಲು ನೆನಪಾದದ್ದು ಆ ಮಲ್ಲಿಗೆ ಮಾರುವಾಕೆ. ಅಕ್ಕನ ಮನೆಯಲ್ಲಿ ಸಾವಾದಾಗ ತಂಗಿಯ ಬಾಗಿಲಲ್ಲಿ ಕೂತು ಅವಳು ಹೂವನ್ನು ಹೇಗೆ ಮಾರಿರಬಹುದು ಎಂದುಕೊಂಡೆ.

ನಾನು ಮಾಪುಸಾಕ್ಕೆ ಹೋಗಿದ್ದ ಆ ವರ್ಷ ಮೇಣದ ಕೈ ಕೊಳ್ಳುವಾಗ ಅಂಗಡಿಯವನು ಬಲಗೈಯದ್ದೋ ಎಡಗೈಯದ್ದೋ ಎಂದು ಕೇಳಿದ್ದ. ಬಲಗೈಗೇ ಅಲ್ಲವೇ ಲಕ್ವ ಹೊಡೆದದ್ದು, ಹರಕೆಯೂ ಅದರದ್ದೇ ಇರಬೇಕು ಎಂದು ಬಾಯಿ ತೆರೆದವಳು ತಡೆದು ನಿಂತೆ. ಅಮ್ಮ ‘ಒಂದು ಕೈ’ ಎಂದಷ್ಟೇ ಹೇಳಿದ್ದಳು. ಹಿಂದೆ ಜನ ನೂಕುತ್ತಿದ್ದರು.

ಎಡಗೈ ಕೊಡಿ ಎಂದೆ.